ಹಲ್ಲುಚಕ್ರ ಅಂಟಿಸಿದ್ರೆ ಸ್ಟೀಮ್‌ಪಂಕ್ ಆಗಲ್ಲ

ಸ್ಟೀಮ್‌ಪಂಕ್ ಗೇಮ್ ಅಂದ ಕೂಡ್ಲೆ ಹುಡುಗ್ರು ಬರೆಯೋ ಚಿತ್ರ ಒಂದೇ. ಲಂಡನ್ ಬೀದಿ, ಉದ್ದನೆ ಟೋಪಿ, ಟೋಪಿ ಮ್ಯಾಲೆ ಹಿತ್ತಾಳೆ ಹಲ್ಲುಚಕ್ರ, ಆಕಾಶದಲ್ಲಿ ತೇಲೋ ಹಡಗು. ನೋಡೋಕೆ ಚೆಂದಾನೆ. ಆದ್ರೆ ಅಷ್ಟಕ್ಕೇ ಅದನ್ನ ಸ್ಟೀಮ್‌ಪಂಕ್ ಅನ್ನೋಕೆ ನನ್ ಮನಸ್ಸು ಒಪ್ಪಲ್ಲ. ಯಾಕೆ ಅಂತ ಗೇಮ್ ಆಡದೇ ಇರೋರಿಗೂ ಅರ್ಥ ಆಗೋ ಹಂಗೆ ಹೇಳ್ತೀನಿ.

ಈ ಹೆಸ್ರು ಹುಟ್ಟಿದ್ದು 1987ರಲ್ಲಿ. ಅಮೆರಿಕದ ಲೇಖಕ ಕೆ.ಡಬ್ಲ್ಯು. ಜೀಟರ್, ತಾನೂ ತನ್ನ ಇಬ್ರು ಗೆಳೆಯ್ರೂ ಬರೀತಿದ್ದ ವಿಕ್ಟೋರಿಯಾ ರಾಣಿ ಕಾಲದ ಕತೆಗಳಿಗೆ ಒಂದು ಹೆಸ್ರು ಬೇಕಲ್ಲ ಅಂತ 'ಲೋಕಸ್' ಪತ್ರಿಕೆಗೆ ಕಾಗದ ಬರೆದು ಅರ್ಧ ತಮಾಷೆಗೆ ಇಟ್ಟಿದ್ದು. ಆಗ ಸೈಬರ್‌ಪಂಕ್ ಅನ್ನೋದು ಓಡ್ತಿತ್ತು, ಕಂಪ್ಯೂಟರ್ ಜಾಗಕ್ಕೆ ಹಬೆ ಬಂತು. ಕರೆಂಟು, ಪೆಟ್ರೋಲು ಬಂದು ಲೋಕ ಆಳದೆ ಹಬೆ ಇಂಜಿನ್ನೇ ಬೆಳ್ಕಂಡು ಹೋಗಿದ್ರೆ ಹೆಂಗಿರ್ತಿತ್ತು ಅನ್ನೋ ಪ್ರಶ್ನೆ ಅದು. ಫ್ಯಾಂಟಸಿ ಗೇಮಲ್ಲಿ ಅದಕ್ಕೆ ಮಾಯಾಮಂತ್ರಾನೂ ಸೇರ್ಕಂತದೆ.

ಮೊದ್ಲು ಚಕ್ರದ ಮಾತು. ಇದನ್ನ ತುಮಕೂರ್ನೋರಿಗೆ ಹೇಳ್ಕೊಡ್ಬೇಕಾಗಿಲ್ಲ. 1978ರಲ್ಲಿ ಇಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಬಂತು. ಕೀ ಕೊಡೋ ವಾಚಿನ ಬೆನ್ನು ಬಿಚ್ಚಿ ನೋಡಿದೋರಿಗೆ ಗೊತ್ತು, ಅದರೊಳಗೆ ಸುಮ್ನೆ ಕೂತಿರೋ ಚಕ್ರ ಒಂದೂ ಇಲ್ಲ. ಸ್ಪ್ರಿಂಗ್ ಬಿಚ್ಕಂತಾ ಒಂದನ್ನ ತಳ್ತದೆ, ಅದು ಇನ್ನೊಂದನ್ನ ತಳ್ತದೆ. ಒಂದು ತೆಗೆದ್ರೆ ಮುಳ್ಳು ನಿಂತೋಗ್ತದೆ. ಗೇಮಿಗೂ ಇದೇ ಪರೀಕ್ಷೆ ಇಡಿ. ಹಬೆ, ಚಕ್ರ ಎಲ್ಲ ತೆಗೆದು ಕತ್ತಿ ಗುರಾಣಿ ಇಟ್ರೂ ಕತೆ ಹಂಗೇ ನಡೀತದೆ ಅಂದ್ರೆ ಅದು ಬರೀ ಬಣ್ಣ.

2001ರ 'ಆರ್ಕೇನಮ್' ಗೇಮಲ್ಲಿ ಹಂಗೆ ತೆಗೆಯೋಕಾಗಲ್ಲ. ಅಲ್ಲಿ ಮಂತ್ರಕ್ಕೂ ಯಂತ್ರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮಂತ್ರವಾದಿ ಹತ್ರ ಬಂದ್ರೆ ಇಂಜಿನ್ ಕೈಕೊಡ್ತದೆ, ಅದಕ್ಕೇ ಭಾರಿ ಮಂತ್ರವಾದೀನ ರೈಲಿಗೇ ಹತ್ತಿಸ್ಕಳಲ್ಲ. 1994ರ 'ಫೈನಲ್ ಫ್ಯಾಂಟಸಿ 6'ರಲ್ಲಿ ಸಾಮ್ರಾಜ್ಯದೋರು ಮಾಯಾಶಕ್ತಿ ಇರೋ ಜೀವಿಗಳನ್ನ ಹಿಡಿದು, ಅವುಗಳ ಸತ್ವ ಹೀರಿ ಯುದ್ಧದ ಯಂತ್ರಕ್ಕೆ ತುಂಬ್ತಾರೆ.

ಇಲ್ಲಿಗೆ ನನ್ನ ಮುಖ್ಯ ಮಾತು ಬಂತು. ಗೀಸರ್ ಸ್ವಿಚ್ ಒತ್ತಿದ್ರೆ ಬಿಸ್ನೀರು ಬತ್ತದೆ, ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಬಚ್ಚಲ ಹಂಡೆ ಒಲೆ ಹಂಗಲ್ಲ. ಎಷ್ಟು ತೆಂಗಿನ ಗರಿ, ಎಷ್ಟು ಮಟ್ಟೆ ಉರೀತು ಅಂತ ಕಣ್ಣಿಗೆ ಕಾಣ್ತದೆ. ಬೆಳಗಿನ ಜಾವ ಎದ್ದು ಹೊಗೇಲಿ ಕೂತ್ಕಂಡು ಊದಿದೋರು ಯಾರು ಅನ್ನೋದೂ ಮನೇಲಿ ಎಲ್ರಿಗೂ ಗೊತ್ತು. ನಮ್ಮನೇಲಿ ಅದು ಅಮ್ಮ, ಆಮೇಲೆ ನಾನು. ಗಂಡುಮಕ್ಳ ಸರದಿ ಯಾವತ್ತೂ ಬರ್ಲಿಲ್ಲ.

ಸ್ಟೀಮ್‌ಪಂಕ್ ಹಂಡೆ ಒಲೆ ಜಾತಿದು. ಶಕ್ತಿ ಎಲ್ಲಿಂದ ಬತ್ತದೆ, ಅದಕ್ಕೆ ಯಾರು ಬೇಯ್ತಾರೆ, ಎರಡೂ ಕಾಣ್ಬೇಕು. 2012ರ 'ಡಿಸ್‌ಆನರ್ಡ್' ಗೇಮಲ್ಲಿ ಇಡೀ ಊರು ನಡೆಯೋದು ತಿಮಿಂಗಿಲದ ಎಣ್ಣೆ ಮ್ಯಾಲೆ. 2018ರ 'ಫ್ರಾಸ್ಟ್‌ಪಂಕ್'ನಲ್ಲಿ ಮಂತ್ರ ಇಲ್ಲ, ಆದ್ರೂ ಆಡಿ ನೋಡ್ಬೇಕು. ಹಿಮದ ಮಧ್ಯೆ ಒಂದು ದೊಡ್ಡ ಬಾಯ್ಲರ್, ಸುತ್ತ ಊರು. ಕಲ್ಲಿದ್ದಲು ಮುಗಿದ್ರೆ ಎಲ್ರೂ ಸಾಯ್ತಾರೆ. ಮಕ್ಳನ್ನ ಕೆಲಸಕ್ಕೆ ಹಚ್ಚೋ ಕಾನೂನು ಮಾಡ್ತೀರೋ ಇಲ್ವೋ ಅಂತ ಗೇಮು ನಿಮ್ಮನ್ನೇ ಕೇಳ್ತದೆ.

ಆಟ ಅಂದ್ರೆ ಖುಷಿಗೆ, ಪಾಠ ಯಾಕೆ ಅನ್ನೋರು ಇದಾರೆ. ನಾನು ಪಾಠ ಮಾಡಿ ಅಂತಿಲ್ಲ. ಕೈ ನಡುಗೋ ಹಂಗೆ ಒಂದು ಬಟನ್ ಒತ್ತೋದೂ ಆಟದ ರುಚೀನೇ.

ನಮ್ಮಣ್ಣನ ಮಗ ಸ್ನೇಹಿತ್ರ ಜೊತೆ ಸೇರ್ಕಂಡು ಇಂಥ ಗೇಮ್ ಮಾಡೋಕೆ ಹೊರ್ಟವ್ನೆ. "ಅತ್ತೆ, ನಮ್ ಕಡೆ ಅಂಥ ಕಾಲ ಎಲ್ಲಿತ್ತು, ಅದಕ್ಕೇ ಲಂಡನ್" ಅಂತಾನೆ. ಇತ್ತು ಕಣಪ್ಪ, ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅಲ್ಲಿಗೆ ಕರೆಂಟ್ ಕೊಟ್ರು. ಅದಕ್ಕೂ ಮುಂಚೆ ಗಣಿ ನಡೀತಿದ್ದಿದ್ದು ಹಬೆ ಇಂಜಿನ್ ಮ್ಯಾಲೆ. ಆ ತಂತಿ ಬರ್ಲೇ ಇಲ್ಲ ಅಂದ್ಕಳಿ. ಬಾಯ್ಲರ್ ಬೆಳೀತಾ ಹೋಗ್ತದೆ, ಅದರ ಹೊಟ್ಟೆಗೆ ಸುತ್ತಲ ಕಾಡು ಸಾಲಲ್ಲ. ಆಳಕ್ಕಿಳಿದಂಗೆಲ್ಲ ನಿಧಿ ಕಾಯೋ ಸರ್ಪ ಎದ್ರಿಗೆ ಬತ್ತದೆ. ದೊರೆಗೆ ಚಿನ್ನ ಬೇಕು, ಸರ್ಪಕ್ಕೆ ಬಲಿ ಬೇಕು, ಕೂಲಿಯೋರಿಗೆ ಸಂಜೆ ಜೀವಂತ ಮ್ಯಾಲೆ ಬಂದ್ರೆ ಸಾಕು. ಆಡೋರು ಯಾರ ಕಡೆ ನಿಲ್ತಾರೆ?

ಇದಕ್ಕೆ ಉದ್ದ ಟೋಪಿ ಬ್ಯಾಡ. ತಲೆಗೊಂದು ಟವೆಲ್ ಸುತ್ಕಂಡು, ಬಾಯ್ಲರ್‌ಗೆ ಸೌದೆ ಎಸೆಯೋ ಒಬ್ಬ ಹೆಂಗ್ಸು ಇದ್ರೆ ಸಾಕು. ಅವಳು ಒಂದು ದಿನ ಎಸೆಯಲ್ಲ ಅಂತ ಕೂತ್ಕಂಡ್ರೆ ಗಣಿ ನಿಂತೋಗ್ತದೆ. ಪಂಕ್ ಅನ್ನೋದು ಅದಕ್ಕೇ.