ಗಾಳಿ ಎಷ್ಟಿದೆ ಅಂತಲ್ಲ, ಎಲ್ಲಿಂದ ಅಂತ ಕೇಳಿ

ಚೆನ್ನೈಗೆ ಬಂದು ಇಪ್ಪತ್ತಾರು ವರ್ಷವಾಯ್ತು. ಇಲ್ಲಿನ ಸೆಕೆಗೆ ಬೈಯದ ದಿನವಿಲ್ಲ. ಆದರೆ ಮಧ್ಯಾಹ್ನ ಕಡಲ ಗಾಳಿ ಬಂತು ಅಂದ್ರೆ ಊರಿಗೇ ಜೀವ ಬರುತ್ತೆ. ಆ ಗಾಳಿಯ ಆಸೆಗೇ ನಾನು ನಲವತ್ತು ದಾಟಿದ ಮೇಲೆ ಕೋವಲಂನಲ್ಲಿ ವಿಂಡ್‌ಸರ್ಫಿಂಗ್ ಕಲಿತದ್ದು. (ಕೇರಳದ್ದಲ್ಲ, ಮಹಾಬಲಿಪುರಂ ದಾರಿಯಲ್ಲಿರೋ ಮೀನುಗಾರರ ಊರು.)

ಒಂದು ಜೂನ್‌ನಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ನಾಲ್ಕೇ ಕ್ಲಾಸ್ ಕಲಿತವನು. ಬೆಳಗ್ಗೆ ಎಂಟಕ್ಕೇ ಮೊಬೈಲ್ ಹಿಡಿದು, "ಮಾಮ, 15 ನಾಟ್ ಗಾಳಿ ಇದೆ. ನೀರು ನೋಡಿ, ಕೆರೆ ಥರ ಇದೆ. ಇಳಿಯೋಣ" ಅಂದ. ಬೇಡ ಅಂದೆ. ಮುಖ ಊದಿಸಿಕೊಂಡ.

15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಹಲಗೆ ಓಡಲು ಒಳ್ಳೆಯ ಗಾಳಿಯೇ. ಆದರೆ ಜೂನ್, ಜುಲೈನ ಬೆಳಗಿನ ಗಾಳಿ ಇಲ್ಲಿ ಪಶ್ಚಿಮದ್ದು. ನಮ್ಮ ಮಲೆನಾಡಿಗೆ ಮಳೆ ಸುರಿಸಿದ ಮುಂಗಾರಿನ ಗಾಳಿಯೇ ಘಟ್ಟ ಇಳಿದು, ಒಣಗಿ, ಈ ಕಡೆ ಬರುತ್ತೆ. ಇಲ್ಲಿ ಕಡಲು ಪೂರ್ವಕ್ಕಿರೋದರಿಂದ ಅದು ನೆಲದಿಂದ ನೀರಿನ ಕಡೆಗೆ ಬೀಸುತ್ತೆ. ಮನೆ, ಮರ ಅಡ್ಡ ಇರೋದರಿಂದ ದಡದಲ್ಲಿ ಗಾಳಿ ಕಮ್ಮಿ, ಅಲೆ ಸಣ್ಣದು. ಕೆರೆ ಥರ ಕಾಣೋದು ಅದಕ್ಕೇ. ಮುಂದೆ ಹೋದಷ್ಟೂ ಗಾಳಿ ಜೋರು.

ಪುಸ್ತಕ ಓದಿ ಹೇಳ್ತಿಲ್ಲ. ಕಲಿತ ಎರಡನೇ ವರ್ಷ ನಾನೂ ಹೀಗೇ ಇಳಿದಿದ್ದೆ. ಬಿದ್ದೆ, ಹಾಯಿ ಎತ್ತಿದೆ, ಮತ್ತೆ ಬಿದ್ದೆ. ಪ್ರತಿ ಸಲ ತಿರುಗಿ ನೋಡಿದಾಗಲೂ ದಡ ಇನ್ನಷ್ಟು ದೂರ. ಕೈ ಸೋತು ಹಲಗೆಯ ಮೇಲೆ ಕೂತುಬಿಟ್ಟೆ. ಬಲೆ ಎತ್ತಿಕೊಂಡು ಬರುತ್ತಿದ್ದ ದೋಣಿಯವರು ಎಳೆದು ತಂದರು. ಹಲಗೆ ಬಿಟ್ಟು ಈಜಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ದೋಣಿಯ ಹಿರಿಯರು ಬೈದದ್ದು ಒಂದೇ ಮಾತು: "ಕಾತ್ತು ಎಂಗೇಂದು ವರುದುನು ಪಾಕ್ಕಲಿಯಾ?" ಗಾಳಿ ಎಲ್ಲಿಂದ ಬರ್ತಿದೆ ಅಂತ ನೋಡಲಿಲ್ವಾ?

ತಮಿಳಿನಲ್ಲಿ ಗಾಳಿಗೆ ದಿಕ್ಕಿಗೊಂದು ಹೆಸರಿದೆ. ಮೂಡಣದ್ದು ಕೊಂಡಲ್, ಪಡುವಣದ್ದು ಕೋಡೈ, ಬಡಗಣದ್ದು ವಾಡೈ, ತೆಂಕಣದ್ದು ತೆನ್ರಲ್. ನಮ್ಮಲ್ಲೂ ಮೂಡಗಾಳಿ, ಪಡುಗಾಳಿ ಅಂತಿದ್ದರು. ಈಗ ಗಾಳಿ ಅಂದ್ರೆ ಮೊಬೈಲಿನಲ್ಲಿ ಒಂದು ನಂಬರ್, ಅಷ್ಟೇ! ಪಕ್ಕದಲ್ಲೇ ದಿಕ್ಕಿನ ಬಾಣವೂ ಇರುತ್ತೆ, ನೋಡೋರು ಯಾರು?

ನನ್ನ ಅಭಿಪ್ರಾಯ ಇಷ್ಟೇ. ಹಲಗೆ ಬಾಡಿಗೆಗೆ ಕೊಡುವ ಪ್ರತಿ ತೀರದಲ್ಲೂ ಒಂದು ಕಂಬ ನೆಟ್ಟು ಗಾಳಿಚೀಲ ಕಟ್ಟಲಿ. ಅದರ ಬಾಲ ಕಡಲ ಕಡೆ ಹಾರುತ್ತಿದ್ದರೆ ಹೊಸಬರಿಗೆ ಹಲಗೆ ಕೊಡಬಾರದು. ಬೆಳಗಿನ ವ್ಯಾಪಾರ ಹೋಗುತ್ತೆ ಅಂತಾರೆ. ಹೋಗಲಿ ಬಿಡಿ. ಪಳಗಿದವರು, ಕಾಯಲು ಮೋಟಾರ್ ದೋಣಿ ಇದ್ದರೆ, ಇಳಿಯಲಿ, ನನ್ನ ತಕರಾರಿಲ್ಲ.

ಅವತ್ತು ಎರಡು ಗಂಟೆಗೆ ಗಾಳಿ ತಿರುಗಿತು. ಆಗ್ನೇಯದಿಂದ, ಓರೆಯಾಗಿ ದಡದ ಕಡೆಗೆ. ಅಲೆಯೂ ಎದ್ದಿತು. ಹುಡುಗ ಹತ್ತು ಸಲ ಬಿದ್ದ, ಹತ್ತು ಸಲವೂ ಗಾಳಿ ಅವನನ್ನು ದಡಕ್ಕೇ ತಂದು ಹಾಕಿತು. ಉಪ್ಪುನೀರು ಕುಡಿದು ನಗ್ತಾ ಬಂದ.

ಅಕ್ಕನಿಗೆ ಮಾತ್ರ ಇನ್ನೂ ಹೇಳಿಲ್ಲ :-)