ಅರಿಶಿನದ ಮೇಲೆ ಕುಂಕುಮ

ಕಳೆದ ರಾಜ್ಯೋತ್ಸವಕ್ಕೆ ಸ್ಲೈಡುಗಳನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಗುಮಾಸ್ತನಾದವನಿಗೆ ಇಂಥದ್ದೆಲ್ಲ ಗೊತ್ತಿರುತ್ತದೆಂದು ಹತ್ತು ಜನ ನಂಬಿದ ಮೇಲೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಕನ್ನಡದ ಹಬ್ಬವಲ್ಲವೇ, ಹಿನ್ನೆಲೆಗೆ ಅಚ್ಚ ಹಳದಿ ಬಳಿದೆವು. ಮೇಲೆ ಅಚ್ಚ ಕೆಂಪು ಅಕ್ಷರ. ಮ. ರಾಮಮೂರ್ತಿಯವರು ಕೊಟ್ಟ ಬಾವುಟದ ಬಣ್ಣಗಳು. ಆ ವರ್ಷ ನಮ್ಮನ್ನಗಲಿದ ಹಿರಿಯರ ಹೆಸರುಗಳಿಗೆ ಮಾತ್ರ, ಗಾಂಭೀರ್ಯವಿರಲೆಂದು, ಕಪ್ಪು ಹಿನ್ನೆಲೆಯ ಮೇಲೆ ಕಡುಗೆಂಪು ಹಾಕಿದೆವು. ಮನೆಯ ಕಂಪ್ಯೂಟರಿನಲ್ಲಿ ನೋಡಿ ನಾವೇ ಬೀಗಿದ್ದೂ ಉಂಟು.

ಸಭಾಂಗಣದಲ್ಲಿ ಮಕ್ಕಳು ಓಡಾಡುತ್ತಿದ್ದುದರಿಂದ ದೀಪ ಆರಿಸುವಂತಿರಲಿಲ್ಲ. ಹೆಸರುಗಳು ಬಂದವು, ಹೋದವು. ಹಿಂದಿನ ಸಾಲಿನಲ್ಲಿದ್ದ ವಿಜಾಪುರದ ಕಡೆಯ ಅಜ್ಜಿಯೊಬ್ಬರು ಊಟದ ಹೊತ್ತಿಗೆ ನಮ್ಮನ್ನು ಕರೆದು, "ತಮ್ಮಾ, ನಮ್ಮನಿಯವರ ಹೆಸರು ಯಾವಾಗ ಬರತದಪ್ಪಾ?" ಎಂದರು. ಬಂದು ಹೋಯಿತೆನ್ನಲು ನಾಲಗೆ ಏಳಲಿಲ್ಲ.

ಆಮೇಲೆ ವಿಚಾರಿಸಿದೆವು. ಪ್ರೊಜೆಕ್ಟರು ಬೆಳಕನ್ನು ಚೆಲ್ಲಬಲ್ಲದೇ ಹೊರತು ಕತ್ತಲೆಯನ್ನು ಚೆಲ್ಲಲಾರದು. ದೀಪವಿರುವ ಕೋಣೆಯಲ್ಲಿ ಅದರ ಕಪ್ಪೆಂದರೆ ಬೂದಿ ಬಣ್ಣದ ಪರದೆ, ಅಷ್ಟೇ. ನಮ್ಮ ಹಿಂದಿನವರೂ ಕಪ್ಪು ಹಿನ್ನೆಲೆಯನ್ನು ಬಳಸಿದ್ದರು ನಿಜ. ಊರಿನ ಕಚೇರಿಗಳಲ್ಲಿ ಫೈಲಿಗೆ ಈಗಲೂ ಕಡತವೆನ್ನುತ್ತಾರಷ್ಟೆ. ಮೂಲದ ಕಡತವೆಂದರೆ ಹುಣಿಸೆಬೀಜದ ಗಂಜಿಗೆ ಇದ್ದಿಲು ಬೆರೆಸಿ ಬಳಿದ ಬಟ್ಟೆ, ಅದರ ಮೇಲೆ ಬಳಪದ ಬರಹ. ಆದರೆ ಅವರು ಅದನ್ನು ಹಗಲ ಬೆಳಕಿಗೆ ಹಿಡಿದು ಓದುತ್ತಿದ್ದರು. ಮೇಲಾಗಿ ಅಕ್ಷರ ಬಿಳಿಯದು, ನಮ್ಮಂತೆ ಕಡುಗೆಂಪಲ್ಲ.

ಇದಕ್ಕೊಂದು ಅಳತೆಯೂ ಇದೆಯಂತೆ. ಅಂತರಜಾಲದ ಬರಹಕ್ಕೆ ಜಗತ್ತು ಒಪ್ಪಿರುವ ಲೆಕ್ಕದಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಪ್ರಮಾಣ 4.5ಕ್ಕೆ 1 ಇರಬೇಕು. ಅಕ್ಷರ ದೊಡ್ಡದಾದರೆ 3 ಸಾಕು. ಹಳದಿಯ ಮೇಲಿನ ನಮ್ಮ ಕೆಂಪು 3.7. ಕಪ್ಪಿನ ಮೇಲಿನ ಕಡುಗೆಂಪು ಬರೀ 2! ಅದೇ ಕಡುಗೆಂಪನ್ನು ಹಳದಿಯ ಮೇಲಿಟ್ಟಿದ್ದರೆ 9 ದಾಟುತ್ತಿತ್ತು. ಬಾವುಟದ ಮರ್ಯಾದೆಯೂ ಉಳಿಯುತ್ತಿತ್ತು. ಕನ್ನಡಕ್ಕಂತೂ ಈ ಎಚ್ಚರ ಹೆಚ್ಚೇ ಬೇಕು. ಪಕಾರಕ್ಕೂ ಷಕಾರಕ್ಕೂ ನಡುವೆ ಇರುವುದು ಒಂದು ಗೀಟು. ಕೆಳಗಿನ ಒತ್ತಕ್ಷರ ಮಂಕಾದರೆ ಹೆಸರೇ ಬೇರೆಯಾದೀತು.

ಬಣ್ಣ ಆರಿಸುವವರಿಗೆ ಒಂದು ಸುಲಭ ಪರೀಕ್ಷೆ, ನಾವು ವಾಸಿಸುವ ಈ ಬಡಾವಣೆಗೆ ಒಪ್ಪುವಂಥದು. ಸ್ಯಾಟಲೈಟ್ ಎಂಬ ಹೆಸರು ಬಂದದ್ದು ಇಲ್ಲಿನ ಇಸ್ರೋ ಕೇಂದ್ರದಿಂದ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸಿದ ಪ್ರಯೋಗಕ್ಕೆ ಅಹಮದಾಬಾದಿನ ಭೂಕೇಂದ್ರವೇ ಮುಖ್ಯ ಆಸರೆ. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಚಿತ್ರ ಕಪ್ಪು-ಬಿಳುಪು. ಅಂಥ ಪೆಟ್ಟಿಗೆಯಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಹೆಚ್ಚುಕಡಿಮೆ ಒಂದೇ ಬೂದಿ. ನಿಮ್ಮ ಸ್ಲೈಡನ್ನೂ ಒಮ್ಮೆ ಬಣ್ಣ ತೆಗೆದು ನೋಡಿ. ಆಗಲೂ ಅಕ್ಷರ ಎದ್ದು ನಿಂತರೆ ಹಿನ್ನೆಲೆ ಸರಿಯಾಗಿದೆ. ಕೆಂಪು-ಹಸಿರಿನ ಭೇದ ಕಾಣದ ಕಣ್ಣಿನವರೂ ಓದಬಲ್ಲರು.

ಈ ವರ್ಷ ಹಾಲುಕೆನೆಯ ಬಣ್ಣದ ಹಿನ್ನೆಲೆಗೆ ಕಪ್ಪು ಅಕ್ಷರ ಹಾಕಿದ್ದೇವೆ. ಹಳದಿ-ಕೆಂಪು ಅಂಚಿಗೆ ಸರಿದಿವೆ. ಮೊನ್ನೆ ಸಭಾಂಗಣದ ದೀಪಗಳನ್ನೆಲ್ಲ ಹಚ್ಚಿಸಿ, ಕನ್ನಡಕ ತೆಗೆದು, ಹಿಂದಿನ ಸಾಲಿನಲ್ಲಿ ಕುಳಿತು ಓದಿ ನೋಡಿದೆವು. ಹೋದ ವರ್ಷದ ಹೆಸರುಗಳೂ ಈ ಸಲ ಇನ್ನೊಮ್ಮೆ ಬರುತ್ತವೆ. ಅಜ್ಜಿಗೆ ಈಗಲೇ ಹೇಳಿ ಬಂದಿದ್ದೇವೆ.