ಗುಡುಗುಡಿಯ ಹೊಗೆ, ಗಿಟಾರಿನ ಸದ್ದು ಮತ್ತು ನಮ್ಮ ಷರೀಫರು

ರಘು ದೀಕ್ಷಿತರ ತಂಡದ ಮೂರನೆಯ ಆಲ್ಬಮ್ ‘ಶಕ್ಕರ್’ನ ಸುದ್ದಿಯೊಂದಿಗೆ ಅವರ ಹಳೆಯ ಹಾಡುಗಳೂ ನಮ್ಮ ಮಕ್ಕಳ ಮೊಬೈಲುಗಳಲ್ಲಿ ಮತ್ತೆ ಮೊಳಗತೊಡಗಿವೆ. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿ. ಮೂರನೆಯದಕ್ಕೆ ಒಂದು ದಶಕದಷ್ಟು ಕಾಲ ಹಿಡಿಯಿತು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ‘ಅಂತರಾಗ್ನಿ’ ಎಂಬ ತಂಡದಿಂದ ಆರಂಭಿಸಿದ ಈ ಗಾಯಕರು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಕನ್ನಡವನ್ನು ಕೊಂಡೊಯ್ದರು. ಹೀಗೆ ಕೊಂಡೊಯ್ದ ಕನ್ನಡದ ಬಹುಪಾಲು ಯಾರದು ಎಂಬುದೇ ನಾನಿಲ್ಲಿ ಎತ್ತಬಯಸುವ ಮಾತು. ಮೊದಲ ಆಲ್ಬಮಿನ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’, ಎರಡನೆಯದರ ‘ಲೋಕದ ಕಾಳಜಿ’ ಇವೆಲ್ಲ ಇಮಾಮ್ ಸಾಹೇಬರ ಮಗನಾಗಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶಿಶುನಾಳದ ಷರೀಫ ಸಾಹೇಬರ ಪದಗಳು.

ಶಿಶುನಾಳವು ನಮಗೆ ದೂರದ ಊರಲ್ಲ. ದಾವಣಗೆರೆಯಿಂದ ಹೆದ್ದಾರಿ ಹಿಡಿದು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಹಾವೇರಿ ಸೀಮೆ. ರಾಣೆಬೆನ್ನೂರು, ಹಾವೇರಿ, ಬಂಕಾಪುರ ಕಳೆದರೆ ಶಿಗ್ಗಾಂವಿ, ಅದರ ಬಳಿಯೇ ಷರೀಫರ ಊರು. ಮದುವೆ-ನಿಕಾಹುಗಳಿಗೆಂದು ಆ ದಾರಿಯಲ್ಲಿ ವರ್ಷಕ್ಕೆ ಹತ್ತು ಬಾರಿ ಓಡಾಡುವ ಪಿ.ಜೆ. ಬಡಾವಣೆಯ ನಮ್ಮ ಕುಟುಂಬಗಳಲ್ಲಿ ಆ ಊರಿನತ್ತ ವಾಹನ ತಿರುಗಿಸಿದವರು ಎಷ್ಟು ಮಂದಿ? ನಮ್ಮ ಪರಿಚಯದವರಲ್ಲಿ ಬೆರಳೆಣಿಕೆಗೂ ಸಿಗಲಿಲ್ಲ. ನಮ್ಮ ಮಕ್ಕಳು ಷರೀಫರ ಹೆಸರನ್ನು ಮೊದಲು ಕೇಳುವುದು ಶಾಲೆಯ ಪಠ್ಯದಲ್ಲಿ. ಅವರ ಮಾತನ್ನು ಮೊದಲು ಕೇಳುವುದು ಡ್ರಮ್ಮಿನ ಅಬ್ಬರದಲ್ಲಿ. ಮನೆಯ ಹಿರಿಯರ ಬಾಯಿಂದ ಅಲ್ಲ.

ಇಂಥ ಹಾಡು ಮನೆಯಲ್ಲಿ ಕೇಳಿಸಿದೊಡನೆ ಏಳುವ ಆಕ್ಷೇಪ ಎಲ್ಲರಿಗೂ ತಿಳಿದದ್ದೇ. “ಬೇಟಾ, ಗಾನಾ ಬಂದ್ ಕರ್” ಎಂದು ದಾದಿ ಗದರುತ್ತಾರೆ, ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ದಾದಿಯ ಆಕ್ಷೇಪವನ್ನು ಹಗುರವಾಗಿ ಕಾಣುವವನು ನಾನಲ್ಲ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಗಳನ್ನು ಒಪ್ಪಿಲ್ಲ. ಲುಕ್ಮಾನ್ ಅಧ್ಯಾಯದ ಆರನೆಯ ಸೂಕ್ತದಲ್ಲಿ ಬರುವ ‘ವಿನೋದದ ಮಾತು’ ಎಂಬುದಕ್ಕೆ ಸಹಾಬಿ ಇಬ್ನ್ ಮಸ್‌ಊದ್(ರ) ಗಾಯನವೆಂದೇ ಅರ್ಥ ಹೇಳಿದ್ದಾರೆ. ಇನ್ನೊಂದು ಕಡೆ, ಈದ್ ದಿನ ಆಯಿಷಾ(ರ) ಅವರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದಾಗ ಅಬೂಬಕರ್(ರ) ತಡೆಯಹೋದದ್ದು, ಪ್ರವಾದಿಯವರು(ಸ) ಅವರನ್ನು ಬಿಟ್ಟುಬಿಡುವಂತೆ ಹೇಳಿದ್ದು ಬುಖಾರಿಯಲ್ಲೇ ಇದೆ. ಅಂದಲೂಸಿಯಾದ ಇಬ್ನ್ ಹಝ್ಮ್ ನಿಷೇಧದ ವರದಿಗಳ ಪ್ರಾಮಾಣ್ಯವನ್ನೇ ಪ್ರಶ್ನಿಸಿದರು. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಸಮಾಅ್‌ಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಹೃದಯವನ್ನು ಅಲ್ಲಾಹನೆಡೆಗೆ ಕರೆಯುವ ಹಾಡಿಗೆ ಷರತ್ತುಗಳೊಂದಿಗೆ ಅವಕಾಶ ಕೊಟ್ಟರು. ಆದರೆ ಕುಡುಕರ ಗೋಷ್ಠಿಯ ತಂತಿವಾದ್ಯಗಳನ್ನು ಅವರೂ ಹೊರಗಿಟ್ಟರು ಎಂಬುದನ್ನು ಗಝಾಲಿಯವರ ಹೆಸರು ಹೇಳಿ ಗಿಟಾರನ್ನು ಸಮರ್ಥಿಸುವ ನಮ್ಮ ತರುಣರು ಮರೆಯುತ್ತಾರೆ.

ಈ ಚರ್ಚೆಯನ್ನು ಉಲಮಾಗಳಿಗೆ ಬಿಡೋಣ. ಪ್ರತಿ ಮನೆಯೂ ತಾನು ನಂಬುವ ಆಲಿಮರ ಅಭಿಪ್ರಾಯದಂತೆ ನಡೆಯಲಿ. ನನ್ನ ತಕರಾರು ಬೇರೆ. ಗಿಟಾರನ್ನು ನಿಲ್ಲಿಸಿದ ಮೇಲೂ ಮಾತು ಉಳಿಯುತ್ತದಲ್ಲ, ಅದನ್ನೇಕೆ ನಾವು ಹೊರಗೆಸೆದೆವು?

ಗುಡುಗುಡಿಯ ಹಾಡನ್ನೇ ತೆಗೆದುಕೊಳ್ಳಿ. ಕುಣಿಯುವ ಕಾಲೇಜು ಹುಡುಗರಲ್ಲಿ ಅನೇಕರು ಅದನ್ನು ಹೊಗೆಬತ್ತಿಯ, ಗಾಂಜಾದ ಹೊಗಳಿಕೆ ಎಂದೇ ತಿಳಿದಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಗಾಂಜಾದ ಪೊಟ್ಟಣಗಳಿಗಾಗಿ ತಂದೆ-ತಾಯಂದಿರು ಮಕ್ಕಳ ಜೇಬು ತಡಕುವ ಕಾಲ ಇದು. ಹಾಡಿನ ಆಶಯವೋ ಅದರ ತೀರ ವಿರುದ್ಧ. ಷರೀಫರು ಸೇದಲು ಹೇಳುವುದು ಒಡಲೊಳಗಿನ ರೋಗವನ್ನು ಹೊರಹಾಕುವ ಗುಡುಗುಡಿಯನ್ನು. ಮನಸ್ಸೆಂಬುದು ಅಲ್ಲಿ ಬಿಚ್ಚಬೇಕಾದ ಸಂಚಿ; ಮೋಹವೇ ಕೊಚ್ಚಿ ಸುಡಬೇಕಾದ ಸೊಪ್ಪು; ನೆನವು ಅದನ್ನು ತುಂಬುವ ಚಿಲುಮೆ. ಈ ‘ನೆನವು’ ಎಂಬ ಮಾತಿನಲ್ಲಿ ಕ್ಷಣ ನಿಲ್ಲಿ. ಸ್ಮರಣೆ, ಅಂದರೆ ಝಿಕ್ರ್. ನಫ್ಸನ್ನು ಝಿಕ್ರ್‌ನಲ್ಲಿಟ್ಟು ಸುಡಬೇಕೆಂಬ, ಸೂಫಿಗಳು ಗ್ರಂಥಗಟ್ಟಲೆ ಬರೆದ ತಝ್ಕಿಯಾದ ಪಾಠವನ್ನು ಅವರು ಊರ ಕಟ್ಟೆಯ ಮೇಲೆ ಕುಳಿತ ಒಕ್ಕಲಿಗನ ಕೈಯೊಳಗಿನ ವಸ್ತುವಿನಿಂದ ಬೋಧಿಸಿದ್ದಾರೆ.

ಈ ಬಗೆ ಹೊಸತೂ ಅಲ್ಲ, ಹೊರಗಿನದೂ ಅಲ್ಲ. ವಿಜಾಪುರದ ಆದಿಲ್‌ಶಾಹಿ ಕಾಲದ ಚಿಶ್ತಿ ಸೂಫಿಗಳ ಪರಂಪರೆಯಲ್ಲಿ ದಖನಿಯ ಚಕ್ಕಿನಾಮಾ, ಚರ್ಖಾನಾಮಾಗಳು ಹುಟ್ಟಿದವು. ಬೀಸುವ ಕಲ್ಲಿನ ಮುಂದೆ, ನೂಲುವ ರಾಟೆಯ ಮುಂದೆ ನಮ್ಮ ಹೆಣ್ಣುಮಕ್ಕಳು ಅವನ್ನು ಹಾಡಿಕೊಳ್ಳುತ್ತ ತೌಹೀದನ್ನೂ ಝಿಕ್ರನ್ನೂ ಕಲಿತರು. ಓದುಬರಹವಿಲ್ಲದ ಮನೆಗೆ ದೀನ್ ಬಂದದ್ದು ಹಿಟ್ಟಿನ ಜೊತೆಗೆ. ಚಕ್ಕಿ, ಚರ್ಖಾಗಳ ಸಾಲಿನಲ್ಲಿ ಗುಡುಗುಡಿಯನ್ನಿಟ್ಟು ನೋಡಿದರೆ ಷರೀಫರು ಎಲ್ಲಿಯವರೆಂಬುದು ತಾನಾಗಿ ಕಾಣುತ್ತದೆ. ಮೊಹರಮ್ಮಿನ ರಿವಾಯತ್ ಪದಗಳನ್ನೂ ಅವರು ಕಟ್ಟಿದರು. ರಾಕ್ ತಂಡಗಳು ಅವನ್ನು ಮುಟ್ಟುವುದು ಕಡಿಮೆ; ಕರ್ಬಲಾದ ಕಥೆ ತಿಳಿಯದ ಸಭೆಗೆ ಅವು ಹತ್ತುವುದೂ ಕಷ್ಟ.

‘ಲೋಕದ ಕಾಳಜಿ’ಯಂತೂ ನಮ್ಮ ಬಡಾವಣೆಗೆಂದೇ ಬರೆದಂತಿದೆ. ಮಾಳಿಗೆಯ ಮೇಲೆ ಮಾಳಿಗೆ ಕಟ್ಟಬೇಕೆನ್ನುವವನು, ಅಂಬಾರಿ ಏರಬೇಕೆನ್ನುವವನು ಮಣ್ಣಿಗಿಳಿಯುವುದನ್ನು ಮರೆತಿದ್ದಾನೆಂದು ಷರೀಫರು ನಗುತ್ತಾರೆ. ಹಂಚಿನ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸಿ, ಸಾಲದ ಕಂತಿನ ಚಿಂತೆಯಲ್ಲಿ ಫಜ್ರ್ ತಪ್ಪಿಸಿಕೊಳ್ಳುವವರು ಇದನ್ನು ಕೇಳಬೇಕು. ಸಂಪತ್ತಿನ ಪೈಪೋಟಿಯು ಗೋರಿಗಳನ್ನು ಕಾಣುವವರೆಗೂ ಮನುಷ್ಯರನ್ನು ಮೈಮರೆಸಿತೆಂದು ಎಚ್ಚರಿಸುವ ಅತ್ತಕಾಸುರ್ ಅಧ್ಯಾಯವನ್ನು ನಾವು ಎಳವೆಯಲ್ಲೇ ಬಾಯಿಪಾಠ ಮಾಡಿರುತ್ತೇವೆ. ಅದರ ನೆರಳು ಧಾರವಾಡ ಕಡೆಯ ಕನ್ನಡದಲ್ಲಿ ಬಿದ್ದಾಗ ಗುರುತೇ ಸಿಗುವುದಿಲ್ಲ!

ಷರೀಫರ ವಿಷಯದಲ್ಲಿ ನಮ್ಮವರಿಗಿರುವ ಹಿಂಜರಿಕೆಗೆ ಕಾರಣವಿದೆ. ಕಳಸದ ಗೋವಿಂದ ಭಟ್ಟರನ್ನು ಅವರು ಗುರುವಾಗಿ ಒಪ್ಪಿದರು. ಗುರು ಜನಿವಾರ ಹಾಕಿದ ಕಥೆ ಜನಜನಿತ. ಅವರ ಪದಗಳಲ್ಲಿ ದೇವಿಯರ ಸ್ತುತಿಯೂ ಇದೆ. ನಮ್ಮ ಅಕೀದಾಕ್ಕೆ ಹೊಂದದ್ದನ್ನು ಹೊಂದುತ್ತದೆಂದು ನಾನು ಹೇಳಲಾರೆ. ‘ಕರ್ನಾಟಕದ ಕಬೀರ’ ಎಂಬ ಪಟ್ಟ ಕಟ್ಟಿ, ಭಾವೈಕ್ಯದ ಭಾಷಣಕ್ಕೆ ಅವರನ್ನು ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ ಇಳಿಸುವವರ ಬಗೆಯೂ ನನಗೆ ರುಚಿಸುವುದಿಲ್ಲ. ಅಲ್ಲಿ ಹೆಸರಿಗೆ ಚಪ್ಪಾಳೆ ಬೀಳುತ್ತದೆ, ಮಾತನ್ನು ಯಾರೂ ಓದುವುದಿಲ್ಲ. ಆದರೆ ಒಬ್ಬ ಕವಿಯ ಹತ್ತು ಮಾತು ಒಪ್ಪಿಗೆಯಾಗದಿದ್ದರೆ ನೂರನ್ನೂ ಬಿಡಬೇಕೆಂಬ ನಿಯಮವನ್ನು ನಾವು ಉರ್ದು ಕವಿಗಳಿಗೆ ಎಂದೂ ಅನ್ವಯಿಸಿಲ್ಲ. ಗಾಲಿಬರು ತಮ್ಮ ಕುಡಿತವನ್ನು ಎಂದೂ ಮುಚ್ಚಿಡಲಿಲ್ಲ. ಆದರೂ ಅವರ ದೀವಾನ್ ನಮ್ಮ ಕಪಾಟಿನಲ್ಲಿದೆ. ಕನ್ನಡದ ಷರೀಫರಿಗೆ ಮಾತ್ರ ಈ ಕಟ್ಟುನಿಟ್ಟು ಏಕೆ? ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುವ ನಾವು, ದೀನಿನ ಮಾತಿಗೆ ಕನ್ನಡ ಸಾಲದೆಂದು ಒಳಗೊಳಗೇ ನಂಬಿರುವುದೇ ಇದರ ಮೂಲವೆಂದು ನನ್ನ ಅನಿಸಿಕೆ.

ಸಿ. ಅಶ್ವಥ್ ಅವರ ಕಂಠ ಮತ್ತು ನಾಗಾಭರಣರ 1990ರ ಚಲನಚಿತ್ರ ಷರೀಫರನ್ನು ನಾಡಿನ ಮನೆಮನೆಗೆ ಮುಟ್ಟಿಸಿದವು. ಅನಂತರ ರಘು ದೀಕ್ಷಿತರು ಅವರನ್ನು ಅವರ ಮೊಮ್ಮಕ್ಕಳ ತಲೆಮಾರಿಗೂ ಪರದೇಶಕ್ಕೂ ದಾಟಿಸಿದರು. ಅವರ ಹಾಡಿಕೆಯಲ್ಲಿ ಲಯದ ಹುಮ್ಮಸ್ಸಿಗೆ ಸಾಹಿತ್ಯದ ಗಾಂಭೀರ್ಯ ಕೆಲವೆಡೆ ಮಣಿಯುತ್ತದೆ ಎಂದು ನನಗನ್ನಿಸಿದರೂ, ಪದವನ್ನು ಬದುಕಿಸಿದ ಋಣ ದೊಡ್ಡದು. ಅರ್ಥ ಹೇಳುವ ಕೆಲಸ ರಾಕ್ ತಂಡದ್ದಲ್ಲ, ಮನೆಯದು.

ಮುಂದಿನ ಬಾರಿ ಹುಡುಗ ಇಯರ್‌ಫೋನ್ ತೆಗೆದಾಗ ಅಬ್ಬಾ ಆದವರು, “ಆ ಚಿಲುಮೆಗೆ ಷರೀಫರು ಏನು ತುಂಬು ಅಂದರು, ಹೇಳು ನೋಡೋಣ” ಎಂದು ಕೇಳಿ ನೋಡಲಿ. ಹುಡುಗನಿಗೆ ಹಾಡು ಪೂರ್ತಿ ಬಾಯಿಗೆ ಬರುತ್ತದೆ.